ದ್ರಾಕ್ಷಿ ಕೆತ್ತಿದ ಮೇಜು

ನನ್ನ ಅಪ್ಪ ಬೌಕೆ ಟರ್ಪ್‌ಸ್ಟ್ರಾ ಮರದಲ್ಲಿ ಏನನ್ನು ಬೇಕಾದರೂ ಕೆತ್ತುತ್ತಿದ್ದ. ಬಾಯಿಂದ ಮಾತ್ರ ಬೇಕಾದ ಹೊತ್ತಿಗೆ ಬೇಕಾದ ಮಾತು ಬರುತ್ತಿರಲಿಲ್ಲ. 'ತಪ್ಪಾಯಿತು' ಎಂದು ಒಂದು ಸಲ ಅಂದಿದ್ದರೆ ಸಾಕಿತ್ತು, ಅವನ ಬದುಕೇ ಬೇರೆ ಇರುತ್ತಿತ್ತು. ಅನ್ನಲಿಲ್ಲ. ತನ್ನದೇ ಚರ್ಚಿನ ಹೊಸ್ತಿಲ ಮೇಲೆ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬಂತೆ ನಿಂತೇ ಮುದುಕನಾದ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಬೇಡಿ, ಅಪ್ಪನೂ ಅದರಲ್ಲಿ ಸೇರಿದ್ದಾನೆ.

ಮಿಶಿಗನ್‌ನ ನಮ್ಮೂರಲ್ಲಿ ಆಗ ನದಿಯ ಎರಡೂ ದಡಕ್ಕೆ ಕುರ್ಚಿ ಮೇಜು ಮಾಡುವ ಕಾರ್ಖಾನೆಗಳಿದ್ದವು. ಫ್ರೀಸ್‌ಲ್ಯಾಂಡಿನಿಂದ ಹಡಗು ಹತ್ತಿ ಬಂದ ನಮ್ಮವರಲ್ಲಿ ಕೈಕೆಲಸ ಬಲ್ಲವರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಕಾರ್ಖಾನೆಯ ಪದ್ಧತಿ ಹೇಗೆಂದರೆ, ಒಬ್ಬ ಕಾಲು ಮಾಡುತ್ತಾನೆ, ಇನ್ನೊಬ್ಬ ಹಲಗೆ ಕೂಡಿಸುತ್ತಾನೆ, ಮತ್ತೊಬ್ಬ ಬಣ್ಣ ಹಚ್ಚುತ್ತಾನೆ. ಕಾಲು ಮಾಡಿದವನಿಗೆ ಅದು ಯಾವುದರ ಕಾಲು ಎಂದು ಯಾರೂ ಹೇಳುವುದಿಲ್ಲ, ಅವನೂ ಕೇಳುವುದಿಲ್ಲ. ಸಂಜೆ ಮೈಮೇಲಿನ ಹೊಟ್ಟು ಕೊಡವಿಕೊಂಡು ಮನೆಗೆ ಬರುತ್ತಾನೆ, ಅಷ್ಟೇ.

ಒಂದು ವಸಂತದಲ್ಲಿ ಮೇಸ್ತ್ರಿ ಆರು ಓಕ್ ದಿಮ್ಮಿಗಳನ್ನೂ ನಾಲ್ಕು ಪಕ್ಕದ ಹಲಗೆಗಳನ್ನೂ ಅಪ್ಪನ ಮುಂದೆ ಹಾಕಿಸಿದ. ದಿಮ್ಮಿಗಳು ಒಬ್ಬೊಬ್ಬ ಗಂಡಸಿನ ಸೊಂಟದಷ್ಟು ದಪ್ಪ ಇದ್ದವು.

"ಗುಡ್ಡದ ಮೇಲಕ್ಕೆ ಹೋಗೋ ಮೇಜು ಬೌಕೆ. ದೊಡ್ಡೋರ ಕೆಲಸ. ಹಣ್ಣು, ಎಲೆ, ಬಳ್ಳಿ, ನಿಂಗೇನು ತೋಚುತ್ತೋ ಅದನ್ನ ಹಾಕು. ಕೈ ಬಿಗಿ ಹಿಡೀಬೇಡ" ಅಂದ.

ಗುಡ್ಡದ ಮೇಲೆ ಆಗ ಎರಡು ಕಟ್ಟಡ ಏಳುತ್ತಿದ್ದವು. ಒಂದು ಇಂಗ್ಲಿಷಿನವರ ಕಲ್ಲಿನ ಚರ್ಚು. ಇನ್ನೊಂದು, ಕಾಡು ಕಡಿದು ಹಣ ಮಾಡಿದ ಲ್ಯಾಥ್ರಪ್ ಧಣಿಯ ಬಂಗಲೆ. ಅಪ್ಪನ ಕಣ್ಣಿಗೆ ಬಿದ್ದದ್ದು ಚರ್ಚು ಮಾತ್ರ. ನಮ್ಮ ಚರ್ಚಿನಲ್ಲಿ ಕರ್ತನ ಭೋಜನ ಎಂದರೆ ಜನ ನಿಜವಾಗಿಯೂ ಮೇಜಿಗೆ ಕೂರುತ್ತಾರೆ. ಪಾದ್ರಿಯ ಪೀಠದ ಕೆಳಗೆ ಉದ್ದನೆಯ ಮೇಜು ಹಾಕಿ, ಬಿಳಿ ಬಟ್ಟೆ ಹೊದಿಸಿ, ಸರದಿಯ ಮೇಲೆ ಸುತ್ತ ಕೂತು ಕರ್ತನ ಕೊನೆಯ ಊಟದ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೈಯಿಂದ ಕೈಗೆ ದಾಟಿಸುತ್ತಾರೆ. ಅಪ್ಪ ಹುಟ್ಟಿದಂದಿನಿಂದ ಅಷ್ಟುದ್ದದ, ಆರು ಕಾಲಿನ ಮೇಜು ನೋಡಿದ್ದು ಅದೊಂದೇ. ಅಲ್ಲಿ ಚರ್ಚು ಏಳುತ್ತಿದೆ, ಇಲ್ಲಿ ಮೇಜು ತಯಾರಾಗುತ್ತಿದೆ, ಇನ್ನೇನು ಇರಲು ಸಾಧ್ಯ? ಇಂಗ್ಲಿಷಿನವರು ಮೇಜಿಗೆ ಕೂರುವುದಿಲ್ಲ, ಎದ್ದು ಹೋಗಿ ಮಂಡಿಯೂರುತ್ತಾರೆ ಎಂಬುದು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರ ಚರ್ಚಿನೊಳಗೆ ನಮ್ಮವರು ಕಾಲಿಟ್ಟಿದ್ದರೆ ತಾನೆ?

ಹಾಗಾಗಿ ಅಪ್ಪ ಕಾಲುಗಳ ತುಂಬ ದ್ರಾಕ್ಷಿ ಕೆತ್ತಿದ, ಪಕ್ಕದ ಹಲಗೆಗಳ ಉದ್ದಕ್ಕೂ ಗೋಧಿಯ ತೆನೆ ಕೆತ್ತಿದ. ರೊಟ್ಟಿಗೆ ಗೋಧಿ, ರಸಕ್ಕೆ ದ್ರಾಕ್ಷಿ. ಉಳಿ ಆಡುವಾಗ ಕೀರ್ತನೆಗಳನ್ನು ಮೆಲ್ಲಗೆ ಗುನುಗುತ್ತಿದ್ದನಂತೆ. ಮನೆಗೆ ಬಂದ ಮೇಲೂ ಚೂರು ಮರದ ಮೇಲೆ ಗೊಂಚಲಿನ ಅಭ್ಯಾಸ ನಡೆಯುತ್ತಿತ್ತು. ಅಮ್ಮ ಬಟಾಣಿ ಸಾರಿನ ಪಾತ್ರೆ ಇಟ್ಟು ನೋಡುವಳು.

"ತಿನ್ನೋಕಾದ್ರೂ ಬರೋ ದ್ರಾಕ್ಷಿ ಕೆತ್ತಿದ್ರೆ ಮಕ್ಳ ಹೊಟ್ಟೆಗಾಗ್ತಿತ್ತು" ಅನ್ನುವಳು.

"ಇದನ್ನ ನೋಡೋನು ಬೇರೆ ಇದಾನೆ ಗ್ರೀಚೆ" ಅನ್ನುವನು ಅಪ್ಪ.

ನಮ್ಮ ಪಕ್ಕದ ಮನೆ ವೀಬೆ ಹೂಕ್ಸೆಮಾನದು. ಕಲ್ಲಿದ್ದಲಿನ ವ್ಯಾಪಾರಿ, ಚರ್ಚಿನ ಹಿರಿಯರಲ್ಲಿ ಒಬ್ಬ. ಅವನೂ ಅಪ್ಪನೂ ಒಂದೇ ಹಡಗಿನಲ್ಲಿ ಒಂದೇ ಬಕೆಟ್ಟಿಗೆ ವಾಂತಿ ಮಾಡಿಕೊಂಡು ಬಂದ ಗೆಳೆಯರು. ಅಪ್ಪ ಕರ್ತನ ಭೋಜನದ ಮೇಜು ಕೆತ್ತುತ್ತಿದ್ದಾನೆ ಎಂದು ಬೀದಿಗೆಲ್ಲ ಸಾರಿದವನು ಅವನೇ. ಒಂದು ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ನಮ್ಮ ಸಹೋದರನ ಕೈಗಳಿಗಾಗಿ ದೇವರಿಗೆ ಸ್ತೋತ್ರ ಎಂದು ಎಲ್ಲರೆದುರು ಪ್ರಾರ್ಥನೆಯನ್ನೂ ಮಾಡಿದ. ಅಪ್ಪನ ಕಿವಿ ಕೆಂಪಾದದ್ದು ನನಗೆ ನೆನಪಿದೆ. ಅವನು ಸಂತೋಷವಾಗಿದ್ದದ್ದನ್ನು ನಾನು ಹಾಗೆ ಕಣ್ಣಾರೆ ಕಂಡದ್ದು ಕಡಿಮೆ.

ಚಳಿ ಶುರುವಾಗುವ ಮುಂಚೆ ಮೇಜು ಗುಡ್ಡಕ್ಕೆ ಹೋಯಿತು. ಸಾಗಿಸುವಾಗ ಒಂದೆರಡು ಎಲೆಯ ತುದಿ ಮುರಿದಿವೆ, ಹೋಗಿ ಸರಿಮಾಡು ಎಂದು ಮೇಸ್ತ್ರಿ ಅಪ್ಪನನ್ನು ಕಳಿಸಿದ. ಅಪ್ಪ ಭಾನುವಾರದ ಕೋಟು ಹಾಕಿಕೊಂಡು, ಉಳಿಯ ಚೀಲ ಹಿಡಿದು, ನೆಟ್ಟಗೆ ಕಲ್ಲಿನ ಚರ್ಚಿಗೆ ಹೋದ. ಅಲ್ಲಿ ನೆಲ ಗುಡಿಸುತ್ತಿದ್ದವನು, ಮೇಜಾ, ಅದು ಪಕ್ಕದ ಗೇಟು ಎಂದು ಕೈ ತೋರಿಸಿದ.

ಬಂಗಲೆಯ ಒಳಕೋಣೆಯಲ್ಲಿ ಅಪ್ಪನ ಆರು ಕಾಲುಗಳು ನಿಂತಿದ್ದವು. ಮೇಲೆ ಕಲ್ಲಿನ ಚಪ್ಪಡಿ ಕೂರಿಸಿದ್ದರು. ಷಿಕಾಗೋದಿಂದ ಬಂದವನೊಬ್ಬ ಬಾಯಲ್ಲಿ ಮೊಳೆ ಕಚ್ಚಿಕೊಂಡು ಅದರ ಮೇಲೆ ಹಸಿರು ಬಟ್ಟೆ ಎಳೆದು ಬಿಗಿಯುತ್ತಿದ್ದ. ಮೂಲೆಗಳಲ್ಲಿ ಚರ್ಮದ ಚೀಲಗಳು ಜೋತಾಡುತ್ತಿದ್ದವು. ಕಿಟಕಿಯ ಕಟ್ಟೆಯ ಮೇಲೆ ದಂತದ ಚೆಂಡುಗಳಿದ್ದವು. ನಮ್ಮವರಿಗೆ ಇಸ್ಪೀಟು, ಕುಣಿತ, ನಾಟಕ ಎಲ್ಲವೂ ಪಾಪ. ಬಿಲಿಯರ್ಡ್ಸ್ ಎಂದರೆ ಅವಕ್ಕಿಂತ ಒಂದು ಕೈ ಮೇಲು, ಹೆಂಡದಂಗಡಿಯ ಹಿಂದಿನ ಕೋಣೆಯ ಆಟ. ಲ್ಯಾಥ್ರಪ್ ಧಣಿ ಬಂದು ಅಪ್ಪನ ಬೆನ್ನು ತಟ್ಟಿ, ಇಡೀ ಮನೆಯಲ್ಲಿ ನನಗೆ ಇಷ್ಟವಾದ ವಸ್ತು ಇದೊಂದೇ ಎಂದು ಸಿಗಾರು ಕೊಟ್ಟ. ಅಪ್ಪ ಅದನ್ನು ಇಸಿದುಕೊಂಡ. ಸಿಗಾರು ನಮ್ಮಲ್ಲಿ ಪಾಪವಲ್ಲ, ಹಿರಿಯರೆಲ್ಲ ಸೇದುತ್ತಾರೆ.

ಅಲ್ಲಿಗೆ ಮುಗಿದಿದ್ದರೆ ಇದು ಬೀದಿಯವರು ನಕ್ಕು ಮರೆಯುವ ಸಂಗತಿ. ಆದರೆ ಧಣಿಗೆ ಆ ಆಟದ ಕೋಲುಗಳನ್ನು ನಿಲ್ಲಿಸಲು ಅದೇ ಬಗೆಯ ಕೆತ್ತನೆಯ ಚೌಕಟ್ಟೂ ಬೇಕಾಯಿತು. ಅದೂ ಈ ಮನುಷ್ಯನ ಕೈಯಿಂದಲೇ ಆಗಬೇಕಂತೆ. ಅಪ್ಪ ಕಾರ್ಖಾನೆಗೆ ಹೋಗಿ ಆಗುವುದಿಲ್ಲ ಎಂದ.

"ಆಗಲ್ಲ ಅಂದ್ರೆ ಉಳಿ ಗಂಟು ಕಟ್ಕೊ" ಅಂದ ಮೇಸ್ತ್ರಿ. "ನದಿ ಆಚೆ ಹೋಗು, ಈಚೆ ಹೋಗು, ಅಲ್ಲಿಂದ ಯಾಕೆ ಬಿಟ್ಟೆ ಅಂತ ಕೇಳೇ ಕೇಳ್ತಾರೆ. ಕೇಳೋದು ನನ್ನನ್ನ. ನಾನೇನು ಹೇಳ್ಲಿ? ದೇವ್ರು ಬೇಡ ಅಂದ ಅನ್ನಲಾ?"

ಮನೆ ತುಂಬ ಮಕ್ಕಳು, ಮುಂದೆ ಹಿಮ ಬೀಳುವ ಕಾಲ. ಅಪ್ಪ ಕೆಲವು ವಾರ ಆ ಬಂಗಲೆಗೆ ಹೋಗಿ ಚೌಕಟ್ಟು ಕೆತ್ತಿದ. ದ್ರಾಕ್ಷಿ ಮಾತ್ರ ಹಾಕಲಿಲ್ಲ, ಬರೀ ಎಲೆ ಹಾಕಿದ. ಹಣ್ಣು ಎಲ್ಲಿ ಎಂದು ಧಣಿ ಕೇಳಿದ್ದಕ್ಕೆ, ಈ ಮರಕ್ಕೆ ಹಣ್ಣು ಬರುವುದಿಲ್ಲ ಎಂದನಂತೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ಹಿರಿಯರು ಮನೆಮನೆಗೆ ಬಂದು ಆತ್ಮದ ಕ್ಷೇಮ ವಿಚಾರಿಸುತ್ತಾರೆ. ಆ ಸಲ ಅವರು ಕಾಲಕ್ಕೆ ಮುಂಚೆಯೇ ಬಂದರು. ಬಂದವರು ವೀಬೆ ಮತ್ತು ಇನ್ನೊಬ್ಬ ಹಿರಿಯ. ಯಾರಾದರೂ ಸತ್ತರೆ ಮಾತ್ರ ತೆರೆಯುವ ಮುಂಗೋಣೆಯಲ್ಲಿ ಅವರನ್ನು ಕೂರಿಸಿ ಅಮ್ಮ ಕಾಫಿ ಕೊಟ್ಟಳು. ನಾನು ಅಡುಗೆಮನೆಯಲ್ಲಿ ನಾಳಿನ ಭಾನುವಾರಕ್ಕೆ ಆಲೂಗಡ್ಡೆ ಸುಲಿಯುತ್ತ ಕಿವಿ ಅಲ್ಲಿಟ್ಟಿದ್ದೆ. ವೀಬೆಯ ದನಿ ಎಂದಿನದಾಗಿರಲಿಲ್ಲ. ಎಲ್ಲರೆದುರು ಸ್ತೋತ್ರ ಹೇಳಿದ್ದವನು ಅವನು, ಜೂಜಿನ ಮೇಜಿಗೆ ದೇವರ ಹೆಸರು ಹಿಡಿದ ಹಿರಿಯ ಎಂದು ಜನ ನಕ್ಕಿದ್ದು ಅವನನ್ನೇ ನೋಡಿ.

"ಗೊತ್ತಿಲ್ದೆ ಮಾಡಿದ್ದು ಬೇರೆ. ಗೊತ್ತಾದ್ಮೇಲೂ ಹೋದ್ಯಲ್ಲ ಬೌಕೆ" ಅಂದ.

"ಹೋದೆ. ಆ ಚೌಕಟ್ಟು ತಪ್ಪು, ಒಪ್ಕೋತೀನಿ."

"ಮೇಜು?"

"ಮೇಜಿನ ವಿಷ್ಯದಲ್ಲಿ ಒಪ್ಕೊಳ್ಳಲ್ಲ."

"ಪವಿತ್ರವಾದ ಗುರುತನ್ನ ಜೂಜಿನ ಕಾಲಿಗೆ ಕೆತ್ತಿದೀಯ, ಅದು ತಪ್ಪಲ್ವಾ?"

"ನಾನು ಕೆತ್ತಿದ್ದು ಕರ್ತನ ಮೇಜಿಗೆ. ಪ್ರಾರ್ಥನೆ ಮಾಡ್ತಾನೇ ಕೆತ್ತಿದ್ದು. ಈಗ ಅದನ್ನ ಪಾಪ ಅಂದ್ರೆ ಆ ಪ್ರಾರ್ಥನೇನೂ ಪಾಪ ಅಂದ ಹಾಗೇ ಆಯ್ತು. ಸುಳ್ಳು ಹೇಳಿ ಆ ಮೇಜಿಗೆ ಕೂರಲಾ?"

"ಒಂದು ಮಾತು ಅಂದ್ಬಿಡೋ ಮಾರಾಯ" ಅಂದ ವೀಬೆ. ಆ ಕ್ಷಣಕ್ಕೆ ಅವನು ಹಿರಿಯನಾಗಿರಲಿಲ್ಲ, ಹಡಗಿನ ಗೆಳೆಯನೇ ಆಗಿದ್ದ. "ನಾಲಿಗೆ ಏನು ಸವೆದು ಹೋಗುತ್ತಾ?"

ಅಪ್ಪ ಅಡ್ಡಡ್ಡ ತಲೆಯಾಡಿಸಿದ. ವೀಬೆ ಕಾಫಿ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದು, "ಹಾಗಾದ್ರೆ ಒಪ್ಕೊಳ್ಳೋ ತನಕ ನಿಂಗೆ ಕರ್ತನ ಮೇಜಿಲ್ಲ" ಎಂದು ಹೇಳಿ ಹೊರಟ.

ಮುಂದಿನ ಭೋಜನದ ಮುಂಚಿನ ಭಾನುವಾರ ಪಾದ್ರಿ ಪೀಠದಿಂದ, ಒಬ್ಬ ಸಹೋದರನನ್ನು ಮೇಜಿನಿಂದ ದೂರ ಇರಿಸಲಾಗಿದೆ ಎಂದು ಓದಿದ. ಹೆಸರು ಹೇಳಲಿಲ್ಲ, ಮೊದಲ ಸಲ ಹೆಸರು ಹೇಳುವ ಪದ್ಧತಿಯಿಲ್ಲ. ಯಾರೂ ನಮ್ಮ ಕಡೆ ತಿರುಗಲಿಲ್ಲ. ತಿರುಗಿದ್ದರೇ ವಾಸಿಯಿತ್ತು. ಹೆಸರು ಹಿಡಿದು ಪೂರಾ ಹೊರಗೆ ಹಾಕುವ ಹಂತಕ್ಕೆ ವೀಬೆ ಹೋಗಗೊಡಲಿಲ್ಲ ಎಂದು ಆಮೇಲೆ ತಿಳಿಯಿತು. ಅದನ್ನು ಕರುಣೆ ಅಂದುಕೊಂಡಿದ್ದನೋ ಏನೋ. ಹೊರಗೆ ಹಾಕಿದ್ದರೆ ಅಪ್ಪ ಬೇರೆ ದಾರಿ ಹುಡುಕಿಕೊಳ್ಳುತ್ತಿದ್ದ. ಹಾಕದೆ ಬಿಟ್ಟಿದ್ದರಿಂದ ಅಲ್ಲೇ ಸಿಕ್ಕಿಕೊಂಡ.

ವರ್ಷಗಳು ಹಾಗೇ ಹೋದವು. ಭೋಜನದ ದಿನ ಅಪ್ಪ ಎಲ್ಲರಂತೆ ಕಪ್ಪು ಕೋಟು ಹಾಕಿ ಬರುವನು. ನಮ್ಮ ಸಾಲು ಎದ್ದಾಗ ಎಲ್ಲರಿಗೂ ದಾರಿಬಿಡಲು ಮಂಡಿ ಪಕ್ಕಕ್ಕೆ ಸರಿಸಿ ಕೂತೇ ಇರುವನು. ಮೊದಮೊದಲು ಮಡಿಲಲ್ಲಿ ಸಣ್ಣ ಮಗು ಒಂದು ಇರುತ್ತಿತ್ತು, ಮಗುವಿಗಾಗಿ ಕೂತಿದ್ದಾನೆ ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಆ ನೆವವೂ ಉಳಿಯಲಿಲ್ಲ.

"ಬೀದಿ ಕೊನೇಲಿ ಇನ್ನೊಂದು ಚರ್ಚಿದೆ" ಎಂದಳು ಅಮ್ಮ ಒಂದು ದಿನ. "ಅವ್ರೂ ನಮ್ಮ ಭಾಷೆನೇ ಆಡ್ತಾರೆ, ಅದೇ ಕೀರ್ತನೆ ಹಾಡ್ತಾರೆ. ನಿನ್ನನ್ನ ನಾಳೆನೇ ಮೇಜಿಗೆ ಕೂರಿಸ್ತಾರೆ. ಎದ್ದು ಬಾ ಹೋಗೋಣ."

"ಅವ್ರು ನನ್ನನ್ನ ಮೇಜಿಂದ ದೂರ ಇಟ್ಟಿಲ್ಲ ಗ್ರೀಚೆ. ಇವ್ರು ಇಟ್ಟಿದಾರೆ. ಇವ್ರೇ ಒಳಗೆ ಕರೀಬೇಕು."

"ಕರೀತಾರೆ, ನಿನ್ನ ಹೆಣ ಹೋಗೋವಾಗ ಗಂಟೆ ಹೊಡೆದು ಕರೀತಾರೆ" ಎಂದು ಅಮ್ಮ ಸೌಟನ್ನು ಪಾತ್ರೆಗೆ ಎಸೆದಳು. ಪಾಪ, ಅವಳೇ ಮೊದಲು ಹೋದಳು.

ವೀಬೆ ಪ್ರತಿ ಚಳಿಗಾಲ ನಮ್ಮ ಮನೆಗೆ ಕಲ್ಲಿದ್ದಲು ತಂದು ಹಾಕುತ್ತಿದ್ದ. ಸಲಿಕೆಯ ಸದ್ದು ಕೇಳುತ್ತಿತ್ತು, ಮನುಷ್ಯರ ಸದ್ದು ಇರಲಿಲ್ಲ. ಅಪ್ಪ ದುಡ್ಡು ಕೊಡುವನು, ವೀಬೆ ಟೋಪಿ ಮುಟ್ಟುವನು. ಒಬ್ಬರಿಗೊಬ್ಬರು ಮಾತು ಬಿಟ್ಟು ಇಬ್ಬರೂ ಎದುರಾಬದುರು ಮುದುಕರಾದರು.

ಅಷ್ಟರಲ್ಲಿ ಕಾಡೆಲ್ಲ ಮುಗಿದು ಲ್ಯಾಥ್ರಪ್ ಧಣಿಯ ಹಣವೂ ಕರಗಿತ್ತು. ಬಂಗಲೆ ಮಾರಾಟಕ್ಕೆ ಬಂದಾಗ ಕೊಂಡವರು ಯಾರೆಂದುಕೊಂಡಿರಿ? ನಮ್ಮ ಚರ್ಚಿನವರೇ. ನೋಡಿಕೊಳ್ಳುವವರಿಲ್ಲದ ಮುದುಕರಿಗೆ ಆಶ್ರಮ ಮಾಡಿದರು. ಗಂಡ ಹೋದ ಮೇಲೆ ನಾನು ಅಲ್ಲಿಗೇ ಅಡುಗೆಗೆ ಸೇರಿದೆ. ಬಿಲಿಯರ್ಡ್ಸ್ ಮೇಜನ್ನು ಏನು ಮಾಡುವುದು ಎಂದು ಸಮಿತಿಯವರು ತಲೆ ಕೆರೆದುಕೊಂಡರು. ಮೇಜು ಇಟ್ಟ ಮೇಲೆ ಆ ಕೋಣೆಗೆ ಒಳಗೋಡೆ ಕಟ್ಟಿ ಬಾಗಿಲು ಕಿರಿದು ಮಾಡಿದ್ದರಂತೆ, ಗೋಡೆ ಒಡೆಯದೆ ಅದು ಹೊರಗೆ ಬರುವಂತಿರಲಿಲ್ಲ. ಒಡೆಯುವುದಕ್ಕೆ ಕೂಲಿ ಕೊಡಬೇಕು. ಪಾಪವನ್ನು ಮನೆಯಲ್ಲಿಟ್ಟುಕೊಂಡೇವು, ಕೂಲಿ ಕೊಡೆವು ಎನ್ನುವ ಜನ ನಾವು. ಮೇಲೆ ಹಲಗೆ ಹಾಸಿ, ಬಟ್ಟೆ ಹೊದಿಸಿ, ಊಟದ ಮೇಜು ಮಾಡಿದರು. ಎತ್ತರ ಜಾಸ್ತಿಯಾಗಿ ಮುದುಕರ ಗದ್ದಕ್ಕೆ ತಟ್ಟೆ ತಾಗುತ್ತಿತ್ತು, ಕುರ್ಚಿಗಳಿಗೆ ದಿಂಬು ಹೊಲಿದು ಹಾಕಿದೆ. ಚರ್ಮದ ಚೀಲಗಳು ಕೆಳಗೆ ಹಾಗೇ ಇದ್ದವು. ಮುದುಕರು ಅವುಗಳಲ್ಲಿ ಪೆಪ್ಪರ್‌ಮೆಂಟ್ ಬಚ್ಚಿಡುವುದನ್ನು ಬೇಗ ಕಲಿತರು.

ಅಪ್ಪನಿಗೆ ಮೆಟ್ಟಿಲು ಹತ್ತಲು ಆಗದೇ ಹೋದಾಗ ಅವನನ್ನೂ ಅಲ್ಲಿಗೆ ಕರೆತಂದೆ. ಬಂದ ದಿನ ಬಟ್ಟೆಯ ಅಂಚು ಎತ್ತಿ, ಕಷ್ಟಪಟ್ಟು ಮಂಡಿಯೂರಿ, ಒಂದು ಕಾಲನ್ನು ಮೇಲಿಂದ ಕೆಳಗಿನ ತನಕ ಸವರಿದ.

"ಹುಳ ಹಿಡಿದಿಲ್ಲ" ಅಂದ.

ಆಮೇಲೆ ವೀಬೆಯೂ ಬಂದ. ಅವನಿಗೆ ಅರಳುಮರಳು. ಹೆಂಡತಿ ಸತ್ತದ್ದು ಮರೆತಿತ್ತು, ಕಲ್ಲಿದ್ದಲು ಮರೆತಿತ್ತು, ಹಿರಿಯನಾಗಿದ್ದದ್ದೂ ಮರೆತಿತ್ತು. ಹಡಗು ಮಾತ್ರ ನೆನಪಿತ್ತು. ಅಪ್ಪನನ್ನು ಕಂಡವನೇ, "ಬೌಕೆ, ಹೊಟ್ಟೆ ತೊಳಸೋದು ನಿಂತಿತಾ?" ಎಂದು ಪಕ್ಕದ ಕುರ್ಚಿ ಹಿಡಿದು ಕೂತ. ಅಂದಿನಿಂದ ಅವರಿಬ್ಬರ ಜಾಗ ಅದೇ ಆಯಿತು. ಅಪ್ಪನನ್ನು ತಡೆದ ಬೇರೆ ಹಿರಿಯರೆಲ್ಲ ಮಣ್ಣು ಸೇರಿದ್ದರು. ಉಳಿದವನು ಇವನೊಬ್ಬ, ಇವನಿಗೆ ಏನೂ ನೆನಪಿಲ್ಲ.

ಚರ್ಚಿಗೆ ಬರಲಾಗದವರಿಗೆಂದು ಹೊಸ ಪಾದ್ರಿ ಆಶ್ರಮದಲ್ಲೇ ಕರ್ತನ ಭೋಜನ ಏರ್ಪಡಿಸಿದ. ಎಳೆ ಹುಡುಗ, ಹಳೆಯ ಕಥೆ ಅವನಿಗೆ ತಿಳಿಯದು. ಮನೆಯಲ್ಲಿ ಇದ್ದದ್ದರಲ್ಲಿ ದೊಡ್ಡ ಮೇಜು ಇದೇ, ಇದರ ಮೇಲೇ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಲು ನನಗೆ ಹೇಳಿದ. ಅಪ್ಪ ಯಾವುದಕ್ಕೆಂದು ಕೆತ್ತಿದ್ದನೋ ಅದೇ ಆಗುತ್ತಿದೆ, ಇವತ್ತಾದರೂ ಇವನು ಕೂತು ತಿನ್ನಲಿ ದೇವರೇ ಎಂದು ಬೇಡಿಕೊಂಡೆ.

ಅಪ್ಪ ಕೂತ. ಒಂದು ಕೈ ಬಟ್ಟೆಯ ಕೆಳಗೆ, ಗೋಧಿಯ ತೆನೆಗಳ ಮೇಲೆ ಇತ್ತು. ರೊಟ್ಟಿಯ ತಟ್ಟೆ ಬಂದಾಗ ಇನ್ನೊಂದು ಕೈಯಲ್ಲಿ ಹಿಡಿದು, ತಾನು ತೆಗೆದುಕೊಳ್ಳದೆ ವೀಬೆಗೆ ದಾಟಿಸಿದ.

"ಯಾಕೋ, ತಿನ್ನಲ್ವಾ?" ಅಂದ ವೀಬೆ, ಇಡೀ ಕೋಣೆಗೆ ಕೇಳುವ ಹಾಗೆ.

"ನಂಗಿಲ್ಲ."

"ಯಾರಂದ್ರು?"

"ನೀನೇ ಅಂದಿದ್ದು."

"ನಾನಾ? ಯಾಕೆ?"

"ಈ ಮೇಜು ಕೆತ್ತಿದ್ದಕ್ಕೆ."

ವೀಬೆ ಮೇಜಿನ ಉದ್ದಕ್ಕೂ ನೋಡಿದ. "ಮೇಜು ಕೆತ್ತಿದ್ದಕ್ಕಾ? ಅಷ್ಟು ಪೆದ್ದನಾಗಿದ್ನಾ ನಾನು?"

"ಇದ್ದೆ."

"ಅಲ್ವೋ, ನಾನು ಪೆದ್ದ ಸರಿ. ನೀನು? ಒಬ್ಬ ಪೆದ್ದ ಬೇಡ ಅಂದ ಅಂತ ಇಷ್ಟು ವರ್ಷ ಹಸ್ಕೊಂಡು ಕೂತ್ಯಾ?" ಎಂದವನೇ ಮಕ್ಕಳ ಹಾಗೆ ಅಳತೊಡಗಿದ. ಅಳುತ್ತಲೇ ತನ್ನ ಚೂರನ್ನು ಮುರಿದು ಅರ್ಧ ಅಪ್ಪನ ಕೈಗೆ ತುರುಕಿದ. "ತಿನ್ನು. ನಾನು ಹೇಳ್ತಿದೀನಿ, ತಿನ್ನು."

ಅಪ್ಪ ತಿಂದ. ಬಹಳ ಹೊತ್ತು ಅಗಿದ. ನಾನು ಅಡುಗೆಮನೆಗೆ ಓಡಿಹೋಗಿ ಅತ್ತೆ.

ಮುಗಿಯಿತು ಅಂದುಕೊಂಡೆ. ಮುಂದಿನ ಭೋಜನದಲ್ಲಿ ಅಪ್ಪ ಮತ್ತೆ ತಟ್ಟೆಯನ್ನು ಮುಟ್ಟದೆ ದಾಟಿಸಿದ. ವೀಬೆಗೆ ಹಿಂದಿನದು ಮರೆತುಹೋಗಿತ್ತು. ಯಾಕೋ ತಿನ್ನಲ್ವಾ ಎಂಬಲ್ಲಿಂದ ಅದೇ ಮಾತು, ಅದೇ ಅಳು, ಅದೇ ಅರ್ಧ ಚೂರು. ಅದರ ಮುಂದಿನ ಸಲವೂ ಹಾಗೇ ಆಯಿತು. ಉಳಿದ ಮುದುಕರು ಇದೂ ಆರಾಧನೆಯ ಒಂದು ಭಾಗವಿರಬೇಕೆಂದು ತಲೆ ತಗ್ಗಿಸಿ ಕಾಯುತ್ತಿದ್ದರು.

"ಅಪ್ಪಾ, ಬಿಡುಗಡೆ ಅವತ್ತೇ ಆಯ್ತಲ್ಲ, ಇನ್ನೂ ಏನು?" ಎಂದು ನಾನು ರೇಗಿದೆ.

"ಕೊಟ್ಟೋನಿಗೇ ನೆನಪಿಲ್ಲ ಫೆನ್ನಾ. ಅದನ್ನ ಇಟ್ಕೊಂಡಿರೋದು ಹೆಂಗೆ?"

ಆ ಚಳಿಗಾಲ ವೀಬೆ ಹೋದ. ಮಣ್ಣು ಮಾಡಿ ಬಂದ ಮೇಲೆ ಚರ್ಮದ ಚೀಲದಲ್ಲಿ ಅವನ ಪೆಪ್ಪರ್‌ಮೆಂಟ್ ಸಿಕ್ಕವು. ಅಪ್ಪ ಅವನ್ನು ಮುಟ್ಟಗೊಡಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಪಕ್ಕದ ಖಾಲಿ ಕುರ್ಚಿ ನೋಡುತ್ತಿದ್ದ. ಬೀಗದ ಕೈಯನ್ನು ಮಣ್ಣಿನೊಳಗೆ ಹಾಕಿ ಬಂದ ಹಾಗಿತ್ತು ಅವನ ಮುಖ.

ಈಸ್ಟರಿನ ಭೋಜನಕ್ಕೆ ನಾನು ಏಪ್ರನ್ ಬಿಚ್ಚಿಟ್ಟು ಹೋಗಿ ಆ ಕುರ್ಚಿಯಲ್ಲಿ ಕೂತೆ. ತಟ್ಟೆ ಬಂತು. ಅಪ್ಪ ಮುಟ್ಟದೆ ನನ್ನತ್ತ ದಾಟಿಸಿದ. ನಾನು ಒಂದು ಚೂರು ತೆಗೆದುಕೊಂಡು ಎರಡು ಮಾಡಿದೆ.

"ತಗೋ ಅಪ್ಪಾ."

"ನಿಂಗ್ಯಾರು ಅಧಿಕಾರ ಕೊಟ್ರು?" ಎಂದು ಪಿಸುಗುಟ್ಟಿದ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಚರ್ಚಿನಲ್ಲಿ ಹೆಂಗಸರು ಹಿರಿಯರಾಗುವುದಿರಲಿ, ಹಿರಿಯರನ್ನು ಆರಿಸಲೂ ಕೈ ಎತ್ತುವಂತಿಲ್ಲ.

"ಯಾರೂ ಕೊಟ್ಟಿಲ್ಲ. ಕೈ ಆಚೆ ತೆಗಿ."

ಬಟ್ಟೆಯ ಕೆಳಗಿನಿಂದ ಕೈ ಹೊರಗೆ ಬಂತು. ಉಳಿಯ ಹಿಡಿ ಒತ್ತಿ ಒತ್ತಿ ಅಂಗೈಯಲ್ಲಿ ಬಿದ್ದ ಗಂಟು ಹಾಗೇ ಇತ್ತು. ಅದರ ಮೇಲೆ ಚೂರನ್ನು ಇಟ್ಟೆ. ಅಪ್ಪ ಅದನ್ನೇ ನೋಡಿದ.

"ಇದು ಲೆಕ್ಕಕ್ಕೆ ಬರುತ್ತಾ ಮಗಳೇ?"

"ನಂಗೊತ್ತಿಲ್ಲ ಅಪ್ಪಾ. ತಿನ್ನು, ಎಲ್ಲಾ ಕಾಯ್ತಿದಾರೆ."

ಅಪ್ಪ ತಿಂದ. ತಿಂದ ಮೇಲೆ ಆ ಕೈಯನ್ನು ಮತ್ತೆ ಬಟ್ಟೆಯ ಕೆಳಗೆ ಒಯ್ಯಲಿಲ್ಲ. ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಇಟ್ಟುಕೊಂಡು ಕೂತ.